ಅರ್ಧ ಗಡ್ಡದ ಹೋರಾಟ

ದರ್ಜಿ ಅಕ್ಕನ ಅಂಗಡಿಗೂ ಅವಳ ತಮ್ಮನ ಕ್ಷೌರದಂಗಡಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಮೊದಲು ಅದು ಒಂದೇ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಇಬ್ಬರೂ ಸಮ ಪಾಲು ಮಾಡಿಕೊಂಡು, ನಡುವೆ ಹಲಗೆ ನಿಲ್ಲಿಸಿ, ಈ ಕಡೆ ಹೊಲಿಗೆ ಮಿಷನ್ನು, ಆ ಕಡೆ ತಿರುಗುವ ಕುರ್ಚಿ ಹಾಕಿಕೊಂಡಿದ್ದರು. ಹಲಗೆ ತಡೆಯುತ್ತಿದ್ದದ್ದು ಕೂದಲನ್ನು ಮಾತ್ರ. ಮಾತನ್ನು ತಡೆಯುವ ತಾಕತ್ತು ಅದಕ್ಕಿರಲಿಲ್ಲ. ಅದರಲ್ಲೂ ಅವಳ ತಮ್ಮನ ಮಾತನ್ನು ತಡೆಯಬೇಕಾದರೆ ಕಲ್ಲಿನ ಗೋಡೆಯೇ ಬೇಕಿತ್ತು, ಅದೂ ಎರಡು ಸುತ್ತು.

ಬಡಾವಣೆಯ ಜನ ಅವನಿಗೆ ಇಟ್ಟ ಹೆಸರು 'ಭಾಷಣ'. "ಭಾಷಣನ ಹತ್ರ ಹೋಗ್ಬರ್ತೀನಿ" ಅಂದರೆ ತಲೆಗೂದಲು ತೆಗೆಸಿಕೊಂಡು ಬರುತ್ತೇನೆ ಎಂದು ಮನೆಯವರಿಗೆ ಅರ್ಥವಾಗುತ್ತಿತ್ತು. ಚರಂಡಿ ಕಟ್ಟಿದರೂ ಅವನಿಗೆ ಸಿಟ್ಟು, ಬೀದಿ ದೀಪ ಹಗಲು ಹೊತ್ತು ಉರಿದರೂ ಸಿಟ್ಟು. ಯಾವುದೋ ದೂರದ ದೇಶದಲ್ಲಿ ಯಾರೋ ಮಂತ್ರಿ ಸುಳ್ಳು ಹೇಳಿದರೆ ಇಲ್ಲಿ ಇವನ ಬ್ರಶ್ಶಿನಿಂದ ನೊರೆ ಹಾರುತ್ತಿತ್ತು. ಬಂದವರ ಕೆನ್ನೆಗೆ ಸೋಪು ಬಳಿದು, ಕತ್ತಿಯನ್ನು ಗಂಟಲಿನ ಹತ್ತಿರ ತಂದು, "ನೀವೇ ಹೇಳಿ, ಇದು ಅನ್ಯಾಯ ಅಲ್ವಾ?" ಎಂದು ಕೇಳುವುದು ಅವನ ಪದ್ಧತಿ. ಗಂಟಲ ಮೇಲೆ ಕತ್ತಿ ಇರುವಾಗ ಯಾವ ಗಂಡಸು ತಾನೇ ಅಲ್ಲ ಎಂದಾನು? ಎಲ್ಲರೂ "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಹೀಗಾಗಿ ಇಡೀ ಬಡಾವಣೆ ತನ್ನ ಮಾತಿಗೆ ಒಪ್ಪಿದೆ ಎಂದು ಅವನು ಮನಸಾರೆ ನಂಬಿದ್ದ.

ಅಕ್ಕ ಬೇರೆಯೇ ಜಾಯಮಾನದವಳು. ಗಿರಾಕಿ ಹಳೇ ಅಳತೆ ಕೊಟ್ಟು ಹೊಸ ಹೊಟ್ಟೆ ತಂದರೆ "ಇರ್ಲಿ ಬಿಡಿ" ಎಂದು ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದಳು. ಮಳೆ ಬಂದು ಬಾಗಿಲಿಗೆ ನೀರು ನುಗ್ಗಿದರೆ "ಇರ್ಲಿ ಬಿಡು" ಎಂದು ಕಾಲು ಮೇಲೆತ್ತಿಕೊಂಡು ಗುಂಡಿ ಹಚ್ಚುತ್ತಿದ್ದಳು. ಜನ ಅವಳಿಗೂ ಹೆಸರಿಡದೆ ಬಿಡಲಿಲ್ಲ, 'ಇರ್ಲಿಬಿಡಕ್ಕ' ಅಂದರು. ಅದಕ್ಕೂ ಅವಳು ಇರಲಿ ಬಿಡು ಅಂದಳು.

ಅವಳು ಬಿಡದೆ ಇದ್ದದ್ದು ಒಂದೇ. ತಮ್ಮನ ದನಿ ತಾರಕಕ್ಕೇರಿದ ಕೂಡಲೇ ಕತ್ತರಿಯ ಹಿಡಿಯಿಂದ ಹಲಗೆಗೆ ಟಕ್ ಟಕ್ ಎಂದು ಬಡಿದು, "ಸಾಕು ನಿನ್ನ ಹಾರಾಟ!" ಎಂದು ಕೂಗುತ್ತಿದ್ದಳು. ಆಮೇಲೆ ಅವನೇ ಕಿಸಕ್ಕನೆ ನಗುತ್ತಿದ್ದ, ಕುರ್ಚಿಯಲ್ಲಿದ್ದವನೂ ನಗುತ್ತಿದ್ದ, ಕ್ಷೌರ ಮುಂದುವರಿಯುತ್ತಿತ್ತು. ಅವನ ಸಿಟ್ಟು ಒಲೆಯ ಮೇಲಿನ ಹಾಲಿನಂಥದ್ದು. ಉಕ್ಕಿದಾಗ ಒಂದು ಊದು ಊದಿದರೆ ಇಳಿಯುತ್ತಿತ್ತು. ಊದುವ ಕೆಲಸ ಚಿಕ್ಕಂದಿನಿಂದಲೂ ಅಕ್ಕನದು.

ಹೀಗಿರುವಾಗ, ದಿಬ್ಬದ ಮೇಲಿನ ಈ ಬಡಾವಣೆಗೆ ಬರುತ್ತಿದ್ದ ಒಂದೇ ಒಂದು ಬಸ್ಸನ್ನು ಮುಂದಿನ ತಿಂಗಳಿಂದ ನಿಲ್ಲಿಸುತ್ತೇವೆ ಎಂದು ಸಾರಿಗೆ ಇಲಾಖೆ ನಿಲ್ದಾಣದ ಕಂಬಕ್ಕೆ ಒಂದು ಚೀಟಿ ಅಂಟಿಸಿತು. ನಿಲ್ದಾಣ ಇದ್ದದ್ದು ಇವರ ಅಂಗಡಿಯ ಎದುರಿಗೇ. ಭಾಷಣ ಚೀಟಿ ಓದಿ ಬಂದವನು ಕುರ್ಚಿಯಲ್ಲಿ ತಾನೇ ಕೂತುಬಿಟ್ಟ. ಅವನ ಹೆಂಡತಿ ಕೆಳಗಿನ ಆಸ್ಪತ್ರೆಯಲ್ಲಿ ನರ್ಸು. ಬಸ್ಸಿಲ್ಲದಿದ್ದರೆ ಅವಳು ದಿನಾ ಆ ದಿಬ್ಬ ಇಳಿದು ಹತ್ತಬೇಕು, ಅದೂ ಎಂಟು ಗಂಟೆ ವಾರ್ಡಿನಲ್ಲಿ ನಿಂತು ದುಡಿದ ಕಾಲಿನಲ್ಲಿ. ಈ ಸಲ ಅವನ ಸಿಟ್ಟಿಗೆ ಅರ್ಥವಿತ್ತು. ಅಕ್ಕ ಕೂಡ ಹಲಗೆಗೆ ಬಡಿಯಲಿಲ್ಲ.

ಸಮಿತಿ ಹುಟ್ಟಿದ್ದೇ ಕ್ಷೌರದಂಗಡಿಯಲ್ಲಿ. ಮೊದಲ ವಾರ ಅದೊಂದು ಜಾತ್ರೆ. ಒಬ್ಬರು ಅರ್ಜಿ ಬರೆಯೋಣ ಅಂದರೆ ಇನ್ನೊಬ್ಬರು ಬಸ್ಸಿಗೆ ಹಾರ ಹಾಕಿ ಬೀಳ್ಕೊಡುಗೆ ಸಭೆ ಮಾಡಿ ಇಲಾಖೆಯ ಮಾನ ಕಳೆಯೋಣ ಅಂದರು. ಮಾತಿಗೆ ಮಾತು ಬೆಳೆದು, ಕೊನೆಗೆ ಎಲ್ಲರೂ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಎರಡನೆಯ ವಾರ 'ಇಸ್ತ್ರಿ' ಬಂದ.

ಇಸ್ತ್ರಿ ಅಂದರೆ ಬಣ್ಣ, ಮೊಳೆ, ಬೀಗ ಮಾರುವ ಅಂಗಡಿಯಲ್ಲಿ ಗುಮಾಸ್ತ. ಅವನ ಅಂಗಿಯಲ್ಲಿ ಒಂದು ಸುಕ್ಕು ಕಂಡವರಿಲ್ಲ, ಮುಖದಲ್ಲೂ ಅಷ್ಟೇ. ಅದಕ್ಕೇ ಆ ಹೆಸರು. ಅವನು ಎಂದೂ ದನಿ ಏರಿಸುತ್ತಿರಲಿಲ್ಲ. ಕ್ಷೌರಕ್ಕೆ ಕೂತರೆ ಬೈತಲೆ ನೂಲು ಹಿಡಿದಂತೆ ಇರಬೇಕು. ಬೇರೆಯವರು ನಕ್ಕಾಗ ಅವರು ಮುಗಿಸುವ ತನಕ ತಾಳ್ಮೆಯಿಂದ ಕಾಯುತ್ತಿದ್ದ, ರೈಲ್ವೆ ಗೇಟಿನಲ್ಲಿ ಗೂಡ್ಸು ಗಾಡಿ ದಾಟಲಿ ಎಂದು ಕಾಯುವವರ ಹಾಗೆ. ಎಂಥ ಸಭ್ಯಸ್ಥ ಎಂದು ಮೊದಲ ದಿನ ಅಕ್ಕನಿಗೇ ಅನ್ನಿಸಿತು. ತನ್ನ ತಮ್ಮನಿಗೆ ಇಂಥವನ ಸಹವಾಸ ಸಿಕ್ಕರೆ ಒಳ್ಳೆಯದೇ, ಸ್ವಲ್ಪ ತಣ್ಣಗಾದಾನು ಎಂದುಕೊಂಡಳು. ಅವಳ ಲೆಕ್ಕ ಎಷ್ಟು ತಪ್ಪಿತ್ತು ಅಂದರೆ, ತಮ್ಮ ನಿಜಕ್ಕೂ ತಣ್ಣಗಾಗತೊಡಗಿದ.

ಹಲಗೆಯ ಆ ಕಡೆ ಕೂಗಾಟ ಕಡಿಮೆಯಾಯಿತು. ಚರಂಡಿಯ ಮಾತಿಲ್ಲ, ಮಂತ್ರಿಯ ಮಾತಿಲ್ಲ. "ನಮ್ಮ ಜೊತೆ ಇಲ್ಲದೋರು ಅವರ ಜೊತೆ ಇದಾರೆ ಅಂತಲೇ ಲೆಕ್ಕ" ಎಂದು ಇಸ್ತ್ರಿಯ ಮೆಲುದನಿ. "ಹೌದು" ಎಂದು ತಮ್ಮನ ಮೆಲುದನಿ. ಅಕ್ಕ ಹಳೇ ಅಭ್ಯಾಸದಂತೆ ಕತ್ತರಿ ಎತ್ತಿಕೊಂಡಳು, ಬಡಿಯಲು ಕಾರಣ ಸಿಗದೆ ಕೆಳಗಿಟ್ಟಳು. ಒಂದು ದಿನ ಬೇಕೆಂದೇ "ಸಾಕು ನಿನ್ನ ಹಾರಾಟ" ಎಂದು ಕೂಗಿ ನೋಡಿದಳು. ನಗು ಬರಲಿಲ್ಲ. "ನಿನಗಿದೆಲ್ಲ ಅರ್ಥ ಆಗಲ್ಲ ಅಕ್ಕಾ" ಎಂಬ ಉತ್ತರ ಬಂತು. ಅವನು ಜಗಳವಾಡಿದ್ದರೆ ಸಾವಿರ ಪಾಲು ಮೇಲಿತ್ತು.

ಮಾರನೆಯ ದಿನವೇ ಆ ಅರ್ಧ ಗಡ್ಡದ ಪ್ರಸಂಗ ನಡೆದದ್ದು.

ದಿಬ್ಬದ ಬಸ್ಸಿನ ಕಂಡಕ್ಟರು ಬಹಳ ವರ್ಷದ ಗಿರಾಕಿ, ದಪ್ಪ ಮೀಸೆ, ದಪ್ಪ ಗಡ್ಡ, ಅದಕ್ಕಿಂತ ದಪ್ಪ ಹಟ. ಎರಡು ಟ್ರಿಪ್ಪಿನ ನಡುವೆ ಬಂದು ಕುರ್ಚಿಯಲ್ಲಿ ಕೂತಿದ್ದರು. ಭಾಷಣ ಬಲಗೆನ್ನೆ ಬೋಳಿಸಿ ಮುಗಿಸಿ, ಎಡಗೆನ್ನೆಗೆ ಕತ್ತಿ ಇಡುವ ಮೊದಲು, "ನಾಳಿದ್ದು ಡಿಪೋಗೆ ಮುತ್ತಿಗೆ. ನೀವೂ ಬರ್ತೀರಿ ತಾನೇ?" ಅಂದ.

"ಬರೋಣ. ಆದ್ರೆ ಇಲಾಖೆಯೋರು ಏನು ಹೇಳ್ತಾರೆ ಅಂತ ಒಂದ್ಸಲ ಕೇಳಿದ್ರೆ ತಪ್ಪೇನು? ಡೀಸೆಲ್ ರೇಟೂ ಹಾಗೇ ಇದೆ."

ಸಾಮಾನ್ಯ ದಿನವಾಗಿದ್ದರೆ ಇದಕ್ಕೆ ಒಂದು ಗಂಟೆಯ ಭಾಷಣ ಆಗುತ್ತಿತ್ತು. ಇವತ್ತು ಕತ್ತಿ ಮಡಚುವ ಸದ್ದು ಕೇಳಿಸಿತು. "ನೀವು ಅವರ ಕಡೆ ಅಂದಾಯ್ತು. ಎದ್ದೇಳಿ."

"ಇನ್ನೊಂದು ಕೆನ್ನೆ?"

"ಅದನ್ನ ಇಲಾಖೆಯೋರ ಹತ್ರ ಮಾಡಿಸ್ಕೊಳ್ಳಿ."

ಕಂಡಕ್ಟರು ಕೊರಳಿಗೆ ಸುತ್ತಿದ ಬಟ್ಟೆಯ ಸಮೇತ ಅಕ್ಕನ ಅಂಗಡಿಗೆ ಬಂದರು. ಒಂದು ಕಡೆ ಕೆನ್ನೆ ಫಳಫಳ, ಇನ್ನೊಂದು ಕಡೆ ಕಾಡು, ಅದರ ಮೇಲೆ ಒಣಗುತ್ತಿರುವ ನೊರೆ. ನಗು ಬರಬೇಕಿತ್ತು. ಅಕ್ಕನಿಗೆ ನಾಚಿಕೆಯಾಯಿತು. ಎಂದಿನ ಮಾತು ನಾಲಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು.

"ನಾನೇ ಟವೆಲ್ ಕೊಡ್ತೀನಿ, ಒರೆಸ್ಕೊಳ್ಳಿ ಅಣ್ಣ. ಮನೆಗೆ ಹೋಗಿ ಇದನ್ನೂ ತೆಗೆದುಬಿಡಿ."

"ಯಾಕೆ ತೆಗೀಲಿ?" ಕಂಡಕ್ಟರು ಕನ್ನಡಿಯಲ್ಲಿ ತಮ್ಮನ್ನು ಎರಡೂ ಕಡೆಯಿಂದ ನೋಡಿಕೊಂಡರು. "ಅರ್ಧಕ್ಕೆ ಬಿಟ್ಟೋನೇ ಬಂದು ಮುಗಿಸ್ಬೇಕು. ಅಲ್ಲೀವರೆಗೂ ಇದು ಹೀಗೇ ಇರುತ್ತೆ. ನನಗೂ ಹೋರಾಟ ಮಾಡೋಕೆ ಬರುತ್ತಮ್ಮಾ."

ಹೇಳಿದ ಹಾಗೇ ಮಾಡಿದರು. ಆ ಮುಖ ಹೊತ್ತುಕೊಂಡೇ ಟಿಕೆಟ್ ಹರಿದರು. ಮಕ್ಕಳು ಬಸ್ಸಿನ ಹಿಂದೆ ಓಡಿದರು, ಹೆಂಗಸರು ಸೆರಗಿನಲ್ಲಿ ನಕ್ಕರು. ಕೇಳಿದವರಿಗೆಲ್ಲ "ಒಬ್ಬರ ಕೆಲಸ ಬಾಕಿ ಇದೆ" ಎಂದಷ್ಟೇ ಉತ್ತರ. ಬಸ್ಸು ಕೊನೇ ನಿಲ್ದಾಣಕ್ಕೆ ಬಂದಾಗಲೆಲ್ಲ ಅವರು ಕ್ಷೌರದಂಗಡಿಯ ಕಡೆಗಿರುವ ಕಿಟಕಿಯಲ್ಲಿ ಎಡಗೆನ್ನೆ ಇಟ್ಟುಕೊಂಡು ಕೂರುತ್ತಿದ್ದರು. ಭಾಷಣ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಆದರೆ ಎದುರಿಗೆ ಗೋಡೆ ತುಂಬ ಕನ್ನಡಿ. ಪಾಪ, ಎಲ್ಲಿಗೆ ಅಂತ ತಿರುಗಿಯಾನು?

ಮರುದಿನ ಮಧ್ಯಾಹ್ನ ಕೋಟಿನ ಅಳತೆ ನೋಡಲು ಕಾಲೇಜಿನ ಮೇಡಂ ಬಂದರು. ಅವರದು ಮನಃಶಾಸ್ತ್ರ. ಯಾವ ಸ್ವಭಾವದವರು ಯಾವ ರಾಜಕೀಯಕ್ಕೆ ಬೀಳುತ್ತಾರೆ ಎಂಬುದನ್ನು ಓದುವುದೇ ಅವರ ಕೆಲಸ. ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ತೋಳು ಮಡಚುತ್ತಿದ್ದಳು. ಮೇಡಂಗೆ ಇದಕ್ಕಿಂತ ಒಳ್ಳೇ ಶ್ರೋತೃ ಸಿಗುವುದುಂಟೇ?

"ಬೀದಿಗಿಳಿಯೋರಲ್ಲಿ ಹಟ ಇರುತ್ತೆ, ಸಿಟ್ಟು ಇರುತ್ತೆ, ಹೊಸದಕ್ಕೆ ಕೈ ಹಾಕೋ ಧೈರ್ಯ ಇರುತ್ತೆ," ಎಂದರು ಮೇಡಂ. "ಇವೆಲ್ಲ ಒಳ್ಳೆಯವೇ. ಇವು ಇಲ್ದಿದ್ರೆ ಜಗತ್ತಿನಲ್ಲಿ ಒಂದು ಕಲ್ಲೂ ಅಲ್ಲಾಡ್ತಿರಲಿಲ್ಲ. ತಮಾಷೆ ಏನು ಗೊತ್ತಾ, ಬೆಂಕಿ ಹಚ್ಚೋರಲ್ಲೂ ಇವೇ ಗುಣ ಸಿಗುತ್ತೆ."

ಅಕ್ಕ ಪಿನ್ನುಗಳನ್ನು ಕೈಗೆ ಉಗಿದುಕೊಂಡಳು. "ಹಾಗಾದ್ರೆ ಒಬ್ಬ ಮೆರವಣಿಗೆ ಮುಗಿಸಿ ಮನೆಗೆ ಬರ್ತಾನೋ, ಬೆಂಕಿ ಹಚ್ಚೋಕೆ ಹೋಗ್ತಾನೋ ಅಂತ ಮೊದಲೇ ಹೇಗೆ ಗೊತ್ತಾಗೋದು ಮೇಡಂ?"

"ಅದನ್ನೇ ಹುಡುಕ್ತಾ ಇದ್ದೀನಿ."

"ಎಷ್ಟು ದಿನದಿಂದ?"

"ಪಿಎಚ್‌ಡಿ ಸೇರಿಸಿದ್ರೆ ಹನ್ನೊಂದು ವರ್ಷ ಆಯ್ತು." ಮೇಡಂ ನಕ್ಕುಬಿಟ್ಟರು. ಆಮೇಲೆ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿ ನಗು ನಿಲ್ಲಿಸಿದರು. "ಒಂದು ಮಾತ್ರ ಅನ್ನಿಸುತ್ತೆ. ಯಾರೂ ಒಬ್ಬರೇ ಅಲ್ಲಿಗೆ ಹೋಗಿ ತಲುಪಲ್ಲ. ತಮಗೆ ಎದುರು ಮಾತಾಡೋರನ್ನ ಮೊದಲು ಒಬ್ಬೊಬ್ಬರಾಗಿ ಕಳೀತಾ ಬರ್ತಾರೆ."

ಅಕ್ಕನ ಕಣ್ಣ ಮುಂದೆ ಆ ಅರ್ಧ ಗಡ್ಡ ಬಂತು. ಮೊದಲು ಕಂಡಕ್ಟರು. ಮುಂದಿನ ಸರದಿ ಯಾರದು ಎಂದು ಕೇಳಿಕೊಳ್ಳುವ ಅಗತ್ಯ ಅವಳಿಗಿರಲಿಲ್ಲ. ಹಲಗೆಯ ಈ ಕಡೆ ಕೂತವಳು ಅವಳೊಬ್ಬಳೇ.

ಸಂಜೆ ಇಸ್ತ್ರಿ ಬ್ಯಾನರಿನ ಕೆಲಸ ಕೊಟ್ಟು ತಮ್ಮನ ಕಡೆಗೆ ಹೋದ. ಬಟ್ಟೆಯ ಬ್ಯಾನರು, ಅಕ್ಷರಗಳನ್ನು ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಮೇಲೆ ಹೊಲಿಯಬೇಕು, ಎರಡು ತುದಿಗೂ ಕೋಲು ತೂರಿಸುವಷ್ಟು ಮಡಿಕೆ ಬಿಡಬೇಕು. ಯಾವ ಬಣ್ಣದ ಬಟ್ಟೆ ತೆಗೆದರೂ ಅದು ಯಾವುದೋ ಒಂದು ಪಕ್ಷದ್ದಾಗಿರುತ್ತಿತ್ತು. ಕೊನೆಗೆ ಮೇಡಂ ಕೋಟಿನಲ್ಲಿ ಮಿಕ್ಕ ಬೂದು ಬಟ್ಟೆಯೇ ಗತಿಯಾಯಿತು. ಅದನ್ನು ಇನ್ನೂ ಯಾರೂ ತಮ್ಮದು ಅಂದಿರಲಿಲ್ಲ. ಬರೆಯಬೇಕಾದ್ದು ಇಷ್ಟೇ: ಬಸ್ಸು ಉಳಿಯುವ ತನಕ ನಮ್ಮ ಹೋರಾಟ ನಿಲ್ಲದು.

ಅಕ್ಕ ಬಿಳಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಅಕ್ಷರ ಬರೆದುಕೊಂಡು ಕತ್ತರಿಸಲು ಶುರು ಮಾಡಿದಳು. 'ಬಸ್ಸು' ಮುಗಿಯಿತು, 'ಉಳಿಯುವ ತನಕ' ಮುಗಿಯಿತು, 'ನಮ್ಮ' ಅರ್ಧದಲ್ಲಿದ್ದಾಗ ಹಲಗೆಯ ಆಚೆ ಇಸ್ತ್ರಿ ಮಾತಾಡತೊಡಗಿದ.

"ನಾಳೆ ಜನ ಗೇಟಿನ ಮುಂದೆ ಕೂತಿರ್ತಾರೆ. ಪಕ್ಕದಲ್ಲಿ ಟೈಮ್ ಕೀಪರ್ ಗೂಡು ಇದೆಯಲ್ಲ, ಮರದ್ದು. ಬೇಗ ಹತ್ಕೊಳ್ಳುತ್ತೆ. ಬಣ್ಣಕ್ಕೆ ಬೆರೆಸೋ ಥಿನ್ನರ್ ನಮ್ಮ ಅಂಗಡಿದು, ನಾನು ತಂದುಕೊಡ್ತೀನಿ. ಬಸ್ಸು ಬರೀ ನೆಪ ಕಣಯ್ಯಾ. ಹೆದರಿಕೆ ಅಂದ್ರೆ ಏನು ಅಂತ ಅವರಿಗೆ ಗೊತ್ತಾಗ್ಬೇಕು."

"ಒಳಗೆ ಯಾರಾದ್ರೂ ಇದ್ರೆ?"

"ಆ ಹೊತ್ತಲ್ಲಿ ಯಾರೂ ಇರಲ್ಲ. ಎಲ್ಲರ ಕೈಲೂ ಆಗೋ ಕೆಲಸ ಅಲ್ಲ ಇದು. ನಿನ್ನ ಕೈ ನಡುಗಲ್ಲ, ನಾನು ನೋಡಿದ್ದೀನಿ."

ತಮ್ಮ ಕತ್ತಿ ಮಸೆಯುವ ಸದ್ದು ಕೇಳಿಸಿತು. ಬೇಡ ಅನ್ನೋ ಮಾರಾಯಾ, ಬೇಡ ಅನ್ನು ಎಂದು ಅಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಕೈ ತನ್ನ ಪಾಡಿಗೆ ತಾನು ಕತ್ತರಿಸುತ್ತಿತ್ತು. ಕಣ್ಣೆದುರು ಇದ್ದದ್ದು ಬಟ್ಟೆಯಲ್ಲ, ಕಂಡಕ್ಟರು ಮಧ್ಯಾಹ್ನದ ಊಟವಾದ ಮೇಲೆ ಹಣದ ಚೀಲ ತಲೆಗಿಟ್ಟುಕೊಂಡು ಮಲಗುವ ಆ ಮರದ ಗೂಡು.

ಇಸ್ತ್ರಿ ಹೋದ ಮೇಲೆ ಅವಳು ಆ ಕಡೆಗೆ ಹೋದಳು. ತಮ್ಮ ನೆಲದ ಮೇಲಿನ ಕೂದಲು ಗುಡಿಸುತ್ತಿದ್ದ.

"ಆ ಗೂಡಿನಲ್ಲಿ ಕಂಡಕ್ಟರಣ್ಣ ಮಲಗ್ತಾರೆ ಕಣೋ."

"ನೀನು ಕದ್ದು ಕೇಳಿದ್ಯಾ?"

"ಕದ್ದು ಕೇಳೋಕೆ ಇಲ್ಲೇನು ಗೋಡೆ ಇದೆಯಾ?"

ಅವನು ಪೊರಕೆ ಮೂಲೆಗಿಟ್ಟ. "ಅವರು ಮಧ್ಯಾಹ್ನ ಮಲಗೋದು, ಇದು ಸಾಯಂಕಾಲ. ನಿನಗೆ ಅರ್ಥ ಆಗಲ್ಲ ಅಕ್ಕಾ. ಎಲ್ಲದಕ್ಕೂ ಇರ್ಲಿ ಬಿಡು ಅಂತಾ ಕೂತ್ರೆ ಏನಾಗುತ್ತೆ ಹೇಳು? ಮುಂದಿನ ತಿಂಗಳಿಂದ ನಿನ್ನ ನಾದಿನಿ ಈ ದಿಬ್ಬ ಹತ್ತಿ ಬರ್ಬೇಕು."

ಆ ಮಾತು ಅವಳಿಗೆ ಚುರುಕ್ಕೆಂದಿತು, ಯಾಕೆಂದರೆ ಅದರಲ್ಲಿ ನಿಜವಿತ್ತು. ಪೊಲೀಸರಿಗೆ ಹೇಳಿದರೆ ಮೊದಲು ಒಳಗೆ ಹೋಗುವವನು ಇವನೇ. ಹೇಳದಿದ್ದರೆ ನಾಳೆ ಸಂಜೆಯ ಹೊತ್ತಿಗೆ ಇವನು ಇವನಾಗಿಯೇ ಮನೆಗೆ ಬರುವುದಿಲ್ಲ. ಅವಳು ಹಿಂದಿರುಗಿ, ಕತ್ತರಿಸಿಟ್ಟ ಅಕ್ಷರಗಳನ್ನು ಒಂದರ ಪಕ್ಕ ಒಂದಿಟ್ಟು ಮಿಷನ್ನು ತುಳಿದಳು. ಕಣ್ಣು ಮಂಜಾಗಿತ್ತು, ಹೊಲಿಗೆ ಮಾತ್ರ ನೆಟ್ಟಗೇ ಬಂತು. ಬ್ಯಾನರಿಗೆ ಕೋಲು ತೂರಿಸಿ ಸುರುಳಿ ಸುತ್ತಿಟ್ಟಳು. ಕೊನೇ ಟ್ರಿಪ್ಪಿಗೆ ಬಂದ ಕಂಡಕ್ಟರಿಗೆ, "ನಾಳೆ ಆ ಗೂಡಿನ ಹತ್ರ ಸುಳೀಬೇಡಿ ಅಣ್ಣ, ಧರಣಿಗೇ ಬಂದುಬಿಡಿ" ಅಂದಳು.

"ಬರದೆ ಏನು? ನಿಮ್ಮ ತಮ್ಮನ ಹತ್ರ ಬಾಕಿ ವಸೂಲಿ ಇದೆಯಲ್ಲ" ಎಂದು ಅವರು ಎಡಗೆನ್ನೆ ನೀವಿಕೊಂಡರು.

ಡಿಪೋ ಗೇಟಿನ ಮುಂದೆ ಜನ ಚೆನ್ನಾಗಿಯೇ ಸೇರಿದ್ದರು. ಆಸ್ಪತ್ರೆಯ ಆಯಾಗಳು, ಶಾಲೆಯ ಮಕ್ಕಳು, ಕೈಚೀಲ ಹಿಡಿದ ಮುದುಕರು. ಮಹಡಿಯ ಮೊಗಸಾಲೆಯಲ್ಲಿ ಇಲಾಖೆಯ ಸಾಹೇಬರು ಗಂಟು ಮುಖ ಹಾಕಿಕೊಂಡು ನಿಂತಿದ್ದರು. ಭಾಷಣ ತನ್ನ ಕ್ಷೌರದ ಚೀಲ ಹೆಗಲಿಗೆ ಹಾಕಿಕೊಂಡು ಗೂಡಿನ ಕಡೆಗೆ ಹತ್ತಿರವಾಗಿಯೇ ನಿಂತಿದ್ದ. ಚೀಲ ಎಂದಿಗಿಂತ ಭಾರವಾಗಿ ಜಗ್ಗುತ್ತಿದ್ದದ್ದು ಅಕ್ಕನಿಗೆ ದೂರದಿಂದಲೇ ಕಂಡಿತು. ಅವಳು ಅವನ ಪಕ್ಕಕ್ಕೇ ಹೋಗಿ ನಿಂತಳು. ಅವನು ಎರಡು ಹೆಜ್ಜೆ ಸರಿದ. ಅವಳೂ ಸರಿದಳು.

ಇಸ್ತ್ರಿ ಕೈಸನ್ನೆ ಮಾಡಿದ. ಇಬ್ಬರು ಕೋಲು ಹಿಡಿದು ಬ್ಯಾನರು ಬಿಚ್ಚಿದರು. ಗಾಳಿಗೆ ಬೂದು ಬಟ್ಟೆ ಬಿಗಿದು ನಿಂತಿತು. "ಓದಿ ಹೇಳಿ, ಎಲ್ಲರೂ ಕೂಗಲಿ" ಎಂದು ಯಾರೋ ಅಂದರು. ಎದುರಿಗೇ ಇದ್ದ ಕಂಡಕ್ಟರು, ದಿನಾ ಸ್ಟಾಪಿನ ಹೆಸರು ಕೂಗಿ ಪಳಗಿದ ಗಂಟಲಿನಲ್ಲಿ, ಅಕ್ಷರ ಅಕ್ಷರ ಬಿಡಿಸಿ ಕೂಗಿದರು:

"ಬಸ್ಸು ಉಳಿಯುವ ತನಕ! ನಮ್ಮ... ಹಾರಾಟ... ನಿಲ್ಲದು!"

ಮೊದಲು ಆಯಾ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಮಕ್ಕಳು "ಹಾರಾಟ! ಹಾರಾಟ!" ಎಂದು ನಿಂತಲ್ಲೇ ಕುಪ್ಪಳಿಸಿದವು. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹರಿದು, ಗೇಟು ದಾಟಿ ಡಿಪೋ ಒಳಗಿನ ಮೆಕ್ಯಾನಿಕ್ಕುಗಳಿಗೆ ತಗುಲಿತು. ಸಾಹೇಬರ ಗಂಟು ಕೂಡ ಬಿಚ್ಚಿಕೊಂಡಿತು.

ಅಕ್ಕ ತಲೆ ಎತ್ತಿ ನೋಡಿದಳು. ಹೋ ಇರಬೇಕಾದಲ್ಲಿ ಹಾ ಇತ್ತು. ತಪ್ಪಿ ಬಿದ್ದದ್ದಲ್ಲ, ಅಂದವಾಗಿ, ಅಂಚು ಮಡಚಿ, ಎರಡೆರಡು ಹೊಲಿಗೆ ಹಾಕಿ ಕೂರಿಸಿದ ಹಾ. ಇಷ್ಟು ವರ್ಷ ನಾಲಗೆ ಹೇಳಿ ಹೇಳಿ ಪಳಗಿಸಿದ್ದ ಮಾತನ್ನು ಕೈ ಕತ್ತರಿಸಿಟ್ಟಿತ್ತು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇಸ್ತ್ರಿ ಅವಳ ಮುಂದೆ ಬಂದು ನಿಂತ. ಈಗಲೂ ದನಿ ಏರಿಸಲಿಲ್ಲ. "ಯಾರು ಹೇಳಿಕೊಟ್ಟದ್ದು ಇದನ್ನ?"

"ಯಾರೂ ಇಲ್ಲಪ್ಪ. ಕೈ ತಪ್ಪಿ..."

"ಕೈ ತಪ್ಪಿ ಯಾರೂ ದ್ರೋಹ ಮಾಡಲ್ಲ." ಅವನು ಭಾಷಣನ ಕಡೆ ತಿರುಗಿದ. "ನಿನ್ನ ಅಕ್ಕನೇ ಇರಬಹುದು. ಆದ್ರೆ ಇವಳು ಆ ಕಡೆಯೋಳು, ಗೊತ್ತಾಯ್ತಲ್ಲ? ಇವಳನ್ನ ಇಲ್ಲಿಂದ ಕಳಿಸು. ಆಮೇಲೆ ನಮ್ಮ ಕೆಲಸ ನೋಡು."

ಸುತ್ತಲಿನವರ ನಗು ಅಲ್ಲಲ್ಲೇ ಇಳಿಯಿತು. ಎಲ್ಲರೂ ಅವಳನ್ನು ನೋಡಿದರು, ಇರ್ಲಿ ಬಿಡಿ ಎಂದು ಹೊರಟುಹೋಗುತ್ತಾಳೆ ಎಂದು ಕಾದರು. ಅವಳು ಕೈ ಚಾಚಿ ತಮ್ಮನ ಹೆಗಲಿನ ಚೀಲದ ಪಟ್ಟಿ ಹಿಡಿದುಕೊಂಡಳು.

"ಬಿಡು ಅಕ್ಕಾ."

"ಬಿಡಲ್ಲ."

ಆ ಮಾತು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. "ನೀನು ಬೈಕೋ, ಕೂಗ್ಕೋ, ಸಾಹೇಬರ ಕುರ್ಚಿ ಮುಂದೆ ತಿಂಗಳುಗಟ್ಟಲೆ ಕೂತ್ಕೋ. ನಾನೂ ಮಿಷನ್ ತಂದು ನಿನ್ನ ಪಕ್ಕ ಹಾಕ್ಕೊಂಡು ಕೂರ್ತೀನಿ. ಈ ಚೀಲ ಮಾತ್ರ ಬಿಡಲ್ಲ. ಕೈ ಕತ್ತರಿಸಿದ್ರೂ ಬಿಡಲ್ಲ."

ಭಾಷಣ ಅಕ್ಕನನ್ನು ನೋಡಿದ, ಇಸ್ತ್ರಿಯನ್ನು ನೋಡಿದ. ಅವರಿಬ್ಬರ ಹಿಂದೆ ಅರ್ಧ ಗಡ್ಡದ ಕಂಡಕ್ಟರು, ಅವರ ತಲೆಯ ಮೇಲೆ ಆ ದೊಡ್ಡ ಬಿಳಿ ಹಾ. ಅವನ ತುಟಿ ಅಲುಗಿತು. ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಾನೆ ಎಂದು ಅಕ್ಕನಿಗೆ ಗೊತ್ತಾಯಿತು. ಅವನ ಕೈ ಈಗ ನಡುಗುತ್ತಿತ್ತು. ಅದು ಅವಳಿಗೆ ಎಷ್ಟು ಸಮಾಧಾನ ತಂದಿತು ಎಂದರೆ ಅಳು ಬಂದುಬಿಟ್ಟಿತು.

"ಅಕ್ಕಾ," ಅಂದ ಅವನು, "ಇದು ನೀನು ದಿನಾ ಹಲಗೆ ಬಡಿದು ಹೇಳೋದಲ್ವೇನೇ?"

ಅವನಿಗೆ ಕಿಸಕ್ಕನೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಚೀಲವನ್ನು ಅವಳ ಕೈಗೇ ಬಿಟ್ಟು, ಮಂಡಿ ಹಿಡಿದುಕೊಂಡು ನಕ್ಕ, ನಕ್ಕೂ ನಕ್ಕೂ ಡಿಪೋ ಮುಂದಿನ ಧೂಳಿನಲ್ಲಿ ಕೂತೇಬಿಟ್ಟ. ಕಂಡಕ್ಟರು ಪಕ್ಕದಲ್ಲಿ ಕೂತರು. ಆಯಾಗಳು ಕೂತರು. ಅವತ್ತಿನ ಧರಣಿ ಶುರುವಾದದ್ದೇ ಹಾಗೆ.

ಇಸ್ತ್ರಿ ಸ್ವಲ್ಪ ಹೊತ್ತು ಕಾದ, ನಗು ಮುಗಿಯಲಿ ಎಂದು. ಅದು ಮುಗಿಯುವ ಲಕ್ಷಣ ಕಾಣದೆ, ಅಂಗಿಯ ಕೈ ನೇರ ಮಾಡಿಕೊಂಡು ಒಬ್ಬನೇ ಹೊರಟುಹೋದ. ಅವನ ಬೆನ್ನು ನೋಡಿ ಅಕ್ಕನಿಗೆ ಮೊದಲ ಸಲ ಪಾಪ ಅನಿಸಿತು. ಎಷ್ಟು ಚೆನ್ನಾಗಿ ಇಸ್ತ್ರಿಯಾದ ಬೆನ್ನು! ಮನೆಯಲ್ಲಿ ಅವನಿಗೆ ಸಾಕು ನಿನ್ನ ಹಾರಾಟ ಅನ್ನುವವರು ಒಬ್ಬರೂ ಇಲ್ಲವೇನೋ.

ನಕ್ಕ ಮೇಲೆ ಸಾಹೇಬರಿಗೆ ಮತ್ತೆ ಗಂಟು ಹಾಕಿಕೊಳ್ಳುವುದು ಕಷ್ಟವಾಯಿತು. ಕೆಳಗಿಳಿದು ಬಂದು ಮಾತಿಗೆ ಕೂತರು. ಬೆಳಿಗ್ಗೆಯ ಮತ್ತು ಸಂಜೆಯ ಟ್ರಿಪ್ಪು ಉಳಿಯಿತು. ಮಧ್ಯಾಹ್ನದ್ದಕ್ಕಾಗಿ ಧರಣಿ ಇನ್ನೂ ನಡೆದಿದೆ. ಬ್ಯಾನರನ್ನು ತಿದ್ದಿಕೊಡುತ್ತೇನೆ ಎಂದು ಅಕ್ಕ ಎಷ್ಟು ಹೇಳಿದರೂ ಸಮಿತಿ ಒಪ್ಪಲಿಲ್ಲ, ಅದನ್ನು ನೋಡಲೆಂದೇ ಜನ ಬರುತ್ತಾರಂತೆ. ಥಿನ್ನರಿನಿಂದ ಭಾಷಣ ಅಂಗಡಿಯ ಹಳೇ ಬೋರ್ಡಿನ ಬಣ್ಣ ಕೆರೆದು ತೆಗೆದ.

ಧರಣಿಯ ಮಾರನೆಯ ಬೆಳಿಗ್ಗೆ ಕಂಡಕ್ಟರು ಬಂದು ಕುರ್ಚಿಯಲ್ಲಿ ಕೂತು, ಎಡಗೆನ್ನೆ ಮುಂದೆ ಮಾಡಿದರು. ಅಕ್ಕ ಕೋಟಿನ ಗುಂಡಿ ಹಚ್ಚುತ್ತಿದ್ದವಳು ಕಿವಿ ನೆಟ್ಟಗೆ ಮಾಡಿಕೊಂಡಳು. "ತಪ್ಪಾಯ್ತು ಅಣ್ಣ" ಎಂಬುದು ಕೇಳಿಸಿತು. ಬ್ರಶ್ಶಿನ ಸದ್ದು, ನೀರಿನ ಸದ್ದು. ಬಹಳ ಹೊತ್ತು ಕತ್ತಿಯ ಸರಸರ. ಆಮೇಲೆ ತಮ್ಮನ ದನಿ, ಹಳೇ ದನಿ:

"ಈ ಚರಂಡಿ ವಿಷಯದಲ್ಲಿ ನಗರಸಭೆಯೋರನ್ನೆಲ್ಲ ಒಂದೇ ಸಲ ಮನೆಗೆ ಕಳಿಸ್ಬೇಕು. ನೀವೇ ಹೇಳಿ, ಏನಂತೀರಿ? ಇರಿ, ಇರಿ, ಈಗಲೇ ಹೇಳ್ಬೇಡಿ."

ಕತ್ತಿ ಮಡಚಿ ಮೇಜಿನ ಮೇಲಿಟ್ಟ ಸದ್ದು ಬಂತು. ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತದ್ದು ಕೇಳಿಸಿತು.

"ಹ್ಞಾಂ, ಈಗ ಹೇಳಿ."

"ಇಲ್ಲ ಕಣಪ್ಪಾ," ಅಂದರು ಕಂಡಕ್ಟರು. "ನಾನು ಒಪ್ಪಲ್ಲ."

ಅಕ್ಕನ ಕೈಯಲ್ಲಿ ಸೂಜಿ ನಿಂತಿತು.

"ಯಾಕ್ರೀ ಒಪ್ಪಲ್ಲ?!" ಎಂದು ಭಾಷಣ ಅಬ್ಬರಿಸಿದ. ಗಾಜಿನ ಬಾಟಲಿಗಳು ಗಡಗಡ ಅಂದವು. "ಕಾರಣ ಕೊಡಿ! ಒಂದು ಕಾರಣ ಕೊಟ್ಟು ಎದ್ದೇಳಿ ಈ ಕುರ್ಚಿಯಿಂದ!"

ಕಂಡಕ್ಟರೂ ದನಿ ಏರಿಸಿದರು. ಒಬ್ಬರ ಮೇಲೊಬ್ಬರು ಕೂಗತೊಡಗಿದರು. ಅಕ್ಕನ ಕೈ ತಾನಾಗಿಯೇ ಕತ್ತರಿ ಎತ್ತಿಕೊಂಡು ಹಲಗೆಯ ತನಕ ಹೋಯಿತು. ಅಲ್ಲಿ ಅದನ್ನು ಹಾಗೇ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೇಳುತ್ತ ಕೂತಳು.